ಗುಂಡಕ್ಷರಕ್ಕೆ ಮೂಲೆ ಕೊಟ್ಟ ಬಾಯಮ್ಮ

ಒಂದು ಕಾಲದಲ್ಲಿ ಸಕಲೇಶಪುರದ ಆಟೋಗಳ ಬೆನ್ನ ಮೇಲೆ ಏನು ಬರೆದಿದೆ ಎಂದು ಆಟೋದವನನ್ನೇ ಕೇಳಿ ತಿಳಿದುಕೊಳ್ಳಬೇಕಿತ್ತು. ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಗಾಥಿಕ್ ಅಕ್ಷರದಲ್ಲಿ. ಹಳೇ ಇಂಗ್ಲಿಷ್ ಪೇಪರುಗಳ ತಲೆಯ ಮೇಲೆ, ಕಾನ್ವೆಂಟಿನ ಸರ್ಟಿಫಿಕೇಟಿನ ಮೇಲೆ ಇರುತ್ತದಲ್ಲ, ದಪ್ಪ ಕಪ್ಪು ಗೆರೆ, ಪ್ರತಿ ಗೆರೆಯ ತುದಿಯನ್ನೂ ಕತ್ತಿಯಲ್ಲಿ ಓರೆಯಾಗಿ ಕಡಿದ ಹಾಗೆ, ಅದು. ವಾಲಿಬಾಲ್ ತಂಡದ ಬನಿಯನ್ನಿನ ಮೇಲೂ ಅದೇ, ಬೇಕರಿಯವರ ಕೇಕಿನ ಡಬ್ಬದ ಮೇಲೂ ಅದೇ, ಎಸ್ಟೇಟಿನ ಗೇಟಿನ ಮೇಲೂ ಅದೇ. ಊರಿಗೆ ಊರೇ ಈ ಅಕ್ಷರದ ಹುಚ್ಚು ಹತ್ತಿಸಿಕೊಂಡಿತ್ತು. ಹತ್ತಿಸಿದವರು ಮಾತ್ರ ಒಬ್ಬರೇ ಹೆಂಗಸು.

ಅವರನ್ನು ನಾವೆಲ್ಲ ಬಾಯಮ್ಮ ಅನ್ನುತ್ತಿದ್ದೆವು. ಮಂಗಳೂರು ಕಡೆಯಿಂದ ಬಂದ ಕಿರಸ್ತಾನರ ಹೆಂಗಸರನ್ನು ನಮ್ಮಲ್ಲಿ ಹಾಗೇ ಕರೆಯುವುದು. ಹೋದ ವರ್ಷ ಅವರು ಕರಾವಳಿಯಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರಂತೆ. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ತಿಂಗಳಾಗಿತ್ತು. ಹೇಳಿದವನು ಯಾವುದೋ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿ ಹೋದ. ನನಗೆ ಅವತ್ತು ಊಟ ಸೇರಲಿಲ್ಲ.

ಅವರ ಅಂಗಡಿ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಟೈರಿನ ಅಂಗಡಿಯ ಮೇಲುಮಾಳಿಗೆಯಲ್ಲಿತ್ತು. ಕಡಿದಾದ ಮೆಟ್ಟಿಲು. ಹತ್ತಿ ಹೋದರೆ ಒಂದು ಕಡೆ ಡಿ.ಟಿ.ಪಿ. ಕಂಪ್ಯೂಟರು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮನೆಗೆ ಬಂದ ನೆಂಟರ ಹಾಗೆ ಕೂರಿಸಿದ್ದರು. ಇನ್ನೊಂದು ಕಡೆ ಇಳಿಜಾರಾದ ಮೇಜು, ಮಸಿ ಕುಡಿಕೆ, ವಾಟೆ ಬಿದಿರನ್ನು ಓರೆಯಾಗಿ ಕೊಯ್ದು ತಾವೇ ಮಾಡಿಕೊಂಡ ಲೇಖನಿಗಳು. ನಿಜವಾದ ಕೆಲಸ ನಡೆಯುತ್ತಿದ್ದದ್ದು ಆ ಮೇಜಿನ ಮೇಲೆ. ಕಂಪ್ಯೂಟರು ಗಿರಾಕಿಗಳ ಸಮಾಧಾನಕ್ಕೆ.

ಅವರ ತಂದೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಬಂಗಲೆಯಲ್ಲಿ ಓದಿ ಬಿಟ್ಟ ಇಂಗ್ಲಿಷ್ ಪೇಪರನ್ನು ಅವರು ಸಂಜೆ ಮನೆಗೆ ತರುತ್ತಿದ್ದರು. ಮಗಳು ಒಳಗಿನ ಸುದ್ದಿ ಓದುವ ವಯಸ್ಸು ಬರುವ ಮೊದಲೇ ಮೇಲಿನ ಹೆಸರನ್ನು ಇದ್ದಿಲಿನಲ್ಲಿ ನೆಲದ ಮೇಲೆ ಇಳಿಸಲು ಕಲಿತಿದ್ದಳು. ‘ಅದು ಅಕ್ಷರ ಅಂತಲೇ ನಂಗೆ ಗೊತ್ತಿರ್ಲಿಲ್ಲ ಮಾರಾಯ್ರೆ. ಯಾವುದೋ ಬೇಲಿಯ ಚಿತ್ರ ಅಂತ ಗ್ರಹಿಸಿದ್ದೆ’ ಎಂದು ನಗುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ‘ಹುಡುಗನ ಕೈಬರಹ ಚೆನ್ನಾಗಿರ್ಲಿಲ್ಲ’ ಎನ್ನುತ್ತಿದ್ದರು. ಅದು ನಿಜವೋ ತಮಾಷೆಯೋ ಯಾರಿಗೂ ಗೊತ್ತಾಗಲಿಲ್ಲ.

ಮಾತು ಚುರುಕು. ನಮ್ಮ ನೆಂಟರೊಬ್ಬರು ಮಗನ ಲಗ್ನಪತ್ರಿಕೆ ಮಾಡಿಸಲು ಹೋಗಿದ್ದಾಗ ನಾನೂ ಜೊತೆಗಿದ್ದೆ. ಬಾಯಮ್ಮ ಗಂಡುಹೆಣ್ಣಿನ ಹೆಸರನ್ನು ಗಾಥಿಕ್‌ನಲ್ಲಿ ಬರೆದು ತೋರಿಸಿದರು. ವಿಭೂತಿ ಹಚ್ಚಿದ ಹಣೆ ಗಂಟಿಕ್ಕಿಕೊಂಡು ನೆಂಟರು, ‘ಇದೇನ್ ಬಾಯಮ್ಮ, ವಿಸ್ಕಿ ಬಾಟ್ಲಿ ಮೇಲಿನ ಅಕ್ಷರ ಇದ್ದಂಗೈತೆ’ ಅಂದರು. ಬಾಯಮ್ಮ ತಲೆಯೆತ್ತದೆ, ‘ವಿಸ್ಕಿ ಬಾಟ್ಲಿ ಅಕ್ಷರ ನಿಮ್ಗೆ ಇಷ್ಟು ಹತ್ರದ ಪರಿಚಯ ಉಂಟಂತ ನಂಗೆ ಗೊತ್ತಿರ್ಲಿಲ್ಲ’ ಅಂದರು. ನೆಂಟರು ಕೆಮ್ಮಿದರು. ಕಾರ್ಡು ಅದೇ ಅಕ್ಷರದಲ್ಲಿ ಅಚ್ಚಾಯಿತು. ಚೆನ್ನಾಗಿಯೂ ಇತ್ತು.

ಹಾಗೆಂದು ಸಿಕ್ಕಸಿಕ್ಕಲ್ಲೆಲ್ಲ ಅದನ್ನು ಬಳಿಯುವವರಲ್ಲ. ಅವರದೊಂದು ಕಟ್ಟುನಿಟ್ಟಿತ್ತು. ಗಾಥಿಕ್ ಏನಿದ್ದರೂ ಒಂದು ಹೆಸರಿಗೆ, ಹೆಚ್ಚೆಂದರೆ ಎರಡು ಪದಕ್ಕೆ. ಅದರ ಸುತ್ತ ಜಾಗ ಖಾಲಿ ಬಿಡಬೇಕು. ಉಳಿದ ವಿವರವೆಲ್ಲ ಸಾದಾ ಅಕ್ಷರದಲ್ಲಿ. ಒಬ್ಬ ಡಾಕ್ಟರು ತಮ್ಮ ಕ್ಲಿನಿಕ್ಕಿನ ಬೋರ್ಡಿಗೆ ಅದೇ ಬೇಕೆಂದು ಹಟ ಹಿಡಿದಾಗ, ‘ಹೊಟ್ಟೆನೋವು ಬಂದವ ಓದ್ಬೇಕಲ್ಲ ಡಾಕ್ಟ್ರೆ’ ಎಂದು ವಾಪಸ್ ಕಳಿಸಿದ್ದರು. ಕಂಪ್ಯೂಟರ್ ಕಲಿತ ಹುಡುಗರು ಗಾಥಿಕ್‌ನಲ್ಲಿ ಇಡೀ ಹೆಸರನ್ನು ಕ್ಯಾಪಿಟಲ್ ಅಕ್ಷರದಲ್ಲೇ ಹೊಡೆದು ತಂದರೆ ಅವರಿಗೆ ಮೈಯುರಿಯುತ್ತಿತ್ತು. ‘ಮೊದ್ಲಿನ ಅಕ್ಷರ ಒಂದು ದೊಡ್ಡದಿರ್ಲಿ. ಮದುವೆ ಮನೇಲಿ ಎಲ್ರೂ ಯಜಮಾನ್ರಾದ್ರೆ ಬಡಿಸೋರು ಯಾರು?’ ನಾನು ಈ ಮಾತನ್ನು ಆಮೇಲೆ ಎಷ್ಟೋ ಕಡೆ, ಅಕ್ಷರಕ್ಕೆ ಸಂಬಂಧವೇ ಇಲ್ಲದ ಪಂಚಾಯಿತಿಗಳಲ್ಲಿ ಕೂಡ, ನನ್ನದೇ ಮಾತೆಂಬಂತೆ ಬಳಸಿದ್ದೇನೆ.

ಇಷ್ಟೆಲ್ಲ ಇಂಗ್ಲಿಷಿನ ಮಾತಾಯಿತು. ಅವರ ಆಸೆ ಇದ್ದದ್ದು ಕನ್ನಡದ ಮೇಲೆ. ಅವರ ಮನೆಮಾತು ಕೊಂಕಣಿ. ಆದರೆ ಅವರ ತಾಯಿಯ ಪ್ರಾರ್ಥನೆ ಪುಸ್ತಕ ಇದ್ದದ್ದು ಕನ್ನಡ ಲಿಪಿಯಲ್ಲಿ. ‘ನಾನು ದೇವರ ಹತ್ರ ಮಾತಾಡೋದು ಕನ್ನಡ ಅಕ್ಷರದಲ್ಲಿ. ಆ ಅಕ್ಷರಕ್ಕೆ ಒಂದು ಗಾಥಿಕ್ ಇಲ್ಲ ಅಂದ್ರೆ ಏನರ್ಥ?’ ಎಂದು ಜಗಳಕ್ಕೆ ಬಂದವರ ಹಾಗೆ ಕೇಳುತ್ತಿದ್ದರು. ಕಷ್ಟ ಏನೆಂದು ನನಗೆ ಒಂದು ಮಧ್ಯಾಹ್ನ ಬರೆದು ತೋರಿಸಿದರು. ಗಾಥಿಕ್ ಎಂದರೆ ನೆಟ್ಟಗಿನ ಗೆರೆ, ಮುರಿದ ಮೂಲೆ. ನಮ್ಮ ಕನ್ನಡವೋ, ಹಾಲುಬಾಯಿ ಸಿಹಿ ತಿಂದು ಬೆಳೆದ ಮಗುವಿನ ಹಾಗೆ ಗುಂಡುಗುಂಡು. ಗುಂಡಗಿನದನ್ನು ಮುರಿದು ಮೂಲೆ ಮಾಡಿದರೆ ಪ, ವ, ಸ, ಷ ಎಲ್ಲವೂ ಒಂದೇ ಮನೆಯ ಅಣ್ಣತಮ್ಮಂದಿರಾಗಿಬಿಡುತ್ತವೆ. ಮುರಿಯದೆ ಬಿಟ್ಟರೆ ಅದು ಗಾಥಿಕ್ಕೇ ಅಲ್ಲ. ವರ್ಷಗಟ್ಟಲೆ ಬರೆದು ಹರಿದು, ಬರೆದು ಹರಿದು, ಕಡೆಗೊಂದು ದಿನ ‘ಬಂತು’ ಅಂದರು. ಗೋಡೆಗೆ ಅಂಟಿಸಿದ್ದರು. ನಾನು ಕಂಡದ್ದನ್ನು ಹೇಳುವುದಾದರೆ, ನೋಡಿದ ಕೂಡಲೇ ಬೆನ್ನು ನೆಟ್ಟಗಾಗುವಂಥ ಅಕ್ಷರ ಅದು. ಗತ್ತು ಇತ್ತು. ಕನ್ನಡ ಯಾವುದೋ ಸಮವಸ್ತ್ರ ಹಾಕಿಕೊಂಡು ನಿಂತ ಹಾಗಿತ್ತು.

ಅದು ಯಾವುದಾದರೂ ನಿಜವಾದ ಸಾಮಾನಿನ ಮೇಲೆ ಹೋಗಬೇಕು, ಗುರುತುಪರಿಚಯ ಇಲ್ಲದ ಜನ ಅದನ್ನು ಓದಬೇಕು. ಬಾಯಮ್ಮನಿಗೆ ಬೇಕಿದ್ದದ್ದು ಇಷ್ಟೇ. ಗೋಡೆಯ ಮೇಲಿದ್ದರೆ ಅದು ಚಿತ್ರ, ಪೊಟ್ಟಣದ ಮೇಲೆ ಹೋದರೆ ಅಕ್ಷರ ಎನ್ನುತ್ತಿದ್ದರು.

ಪೊಟ್ಟಣ ನಮ್ಮದಾಯಿತು. ಆಲೂರಿನಲ್ಲಿ ನಮ್ಮದು ಕಾಫಿ ಹುರಿದು ಪುಡಿ ಮಾಡುವ ಸಣ್ಣ ವ್ಯಾಪಾರ. ಅಪ್ಪನ ಕಾಲದಿಂದ ತೂಕದ ಮೇಲೆ ಬಿಡಿಯಾಗಿ ಮಾರಿಕೊಂಡು ಬಂದದ್ದು. ತೊಂಬತ್ತರ ದಶಕದಲ್ಲಿ, ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿಗೆ ಕೊಡದೆ ತಾವೇ ಮಾರಿಕೊಳ್ಳಬಹುದು ಎಂದಾದ ಮೇಲೆ, ಎಲ್ಲೆಲ್ಲೂ ಹೊಸ ಹೊಸ ಪೊಟ್ಟಣಗಳು ಬಂದವು. ನನಗೂ ಆಸೆಯಾಯಿತು. ಹಾಸನದ ಅಂಗಡಿಗಳಿಗೆ ನಮ್ಮ ಹೆಸರಿನ ಪೊಟ್ಟಣ ಹಾಕಬೇಕು. ಅಪ್ಪನಿಗೆ ಪೊಟ್ಟಣವೇ ಇಷ್ಟವಿಲ್ಲ. ‘ಪುಡಿ ಮೂಸಿ ತಗಳ್ಳೋದು ಕಣ್ಲಾ, ಓದಿ ತಗಳ್ಳೋದಲ್ಲ’ ಅನ್ನುತ್ತಿದ್ದರು. ನಾನು ಕಾಡಿಬೇಡಿ ಒಪ್ಪಿಸಿದೆ. ಬಾಯಮ್ಮ ತಮ್ಮ ಕನ್ನಡ ಗಾಥಿಕ್‌ನಲ್ಲಿ ನಮ್ಮ ಅಂಗಡಿಯ ಹೆಸರು, ಕೆಳಗೆ ‘ಕಾಫಿ ಪುಡಿ’ ಎಂದು ಬರೆದು ಕೊಟ್ಟರು.

ಅಚ್ಚಿಗೆ ಕಳಿಸುವ ಮೊದಲು ಅವರದೊಂದು ಪರೀಕ್ಷೆ ಇತ್ತು. ಯಾವ ಕೆಲಸವಾದರೂ ಸರಿ, ಬರೆದ ಹಾಳೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಎದುರು ನಿಲ್ಲುವರು. ಹಾಳೆಯನ್ನು ಎದೆಯ ಮುಂದೆ ಹಿಡಿದುಕೊಳ್ಳುವರು. ಹೊರಡುತ್ತಿರುವ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ಅದನ್ನು ಕೂಗಿ ಓದಬೇಕು. ಓದಿದರೆ ಪಾಸು. ಬಸ್ಸು ತಿರುವು ದಾಟುವುದರೊಳಗೆ ಓದಲಾಗಲಿಲ್ಲವೆಂದರೆ ಹಾಳೆ ಒಲೆಗೆ. ಇದನ್ನು ನಾವು ಕಂಡಕ್ಟರ್ ಪರೀಕ್ಷೆ ಎಂದೇ ಕರೆಯುತ್ತಿದ್ದೆವು. ಎತ್ತರದ ಹೆಂಗಸು, ಬಿಳಿ ಸೀರೆ, ಕಂಕುಳಲ್ಲಿ ಕೊಡೆ, ಎದೆಯ ಮೇಲೆ ಹಾಳೆ. ಮೊದಲ ಸಲ ನೋಡಿದವರು ಯಾವುದೋ ಧರಣಿ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ನಮ್ಮ ಪೊಟ್ಟಣದ ಹಾಳೆ ಹಿಡಿದು ನಿಂತ ದಿನ ನಾನೂ ಪಕ್ಕದಲ್ಲಿದ್ದೆ. ಆಲೂರಿನ ಬಸ್ಸಿನ ಕಂಡಕ್ಟರು ನೋಡಿದ್ದೇ ತಡ, ನಮ್ಮ ಅಂಗಡಿಯ ಹೆಸರು ಹೇಳಿ ‘ಕಾಫಿ ಪುಡೀ...’ ಎಂದು ರಾಗ ಎಳೆದು ಕೂಗಿದ. ಹಿಂದಿನ ಬಸ್ಸಿನವನೂ ಕೂಗಿದ. ಹೂ ಕಟ್ಟುವವಳು ಓದಿದಳು, ಪೇಪರ್ ಮಾರುವವನು ಓದಿದ. ಬಾಯಮ್ಮನ ಕಣ್ಣಲ್ಲಿ ನೀರು ಬಂತು. ಅವರು ಅಳುವವರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪೊಟ್ಟಣ ಅಚ್ಚಾಗಿ ಹಾಸನಕ್ಕೆ ಹೋಯಿತು. ಹೋದ ಹಾಗೇ ವಾಪಸ್ ಬಂತು. ಒಬ್ಬ ಅಂಗಡಿಯವನು, ‘ಇದ್ಯಾವ ಭಾಷೆ ಸ್ವಾಮಿ, ತಮಿಳಾ? ಜನ ತಿರುಗಿಸಿ ತಿರುಗಿಸಿ ನೋಡಿ ಇಟ್ಟು ಹೋಗ್ತಾರೆ’ ಅಂದ. ಇನ್ನೊಬ್ಬ ಅದನ್ನು ಊದುಬತ್ತಿಯ ಜೊತೆ ಜೋಡಿಸಿಟ್ಟಿದ್ದ. ನಾನು ಚೀಲ ಹೊತ್ತುಕೊಂಡು ನೇರ ಬಾಯಮ್ಮನ ಮೆಟ್ಟಿಲು ಹತ್ತಿದೆ. ಅವರು ನಂಬಲಿಲ್ಲ. ‘ಕಂಡಕ್ಟರ್ ಓದಿದ್ದು ನೀವೇ ಕೇಳಿದ್ದೀರಿ’ ಅಂದರು. ಇಬ್ಬರೂ ಕೆಳಗಿಳಿದು ಕಂಡಕ್ಟರನ್ನೇ ಹಿಡಿದೆವು.

ಅವನು ಚೂರೂ ಸಂಕೋಚವಿಲ್ಲದೆ ಹೇಳಿದ: ‘ಓದೋದೇನ್ ಬಂತು ಬಾಯಮ್ಮ! ಇವರ ಕಾಫಿ ಪೊಟ್ಣಕ್ಕೆ ನೀವು ಬರೀತಾ ಇರೋದು ಊರಿಗೇ ಗೊತ್ತು. ಇವರೇ ಪಕ್ಕದಾಗೆ ನಿಂತವ್ರೆ, ಮೈಯೆಲ್ಲ ಕಾಫಿ ಘಮಲು. ಇನ್ನೇನ್ ಸೀಮೆಣ್ಣೆ ಅಂತ ಕೂಗ್ಲಾ?’

ನಾನು ನಕ್ಕುಬಿಟ್ಟೆ. ಬಾಯಮ್ಮನೂ ನಕ್ಕರು. ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿದುಕೊಂಡರು. ‘ಹಾಗಾದ್ರೆ ಇಷ್ಟು ವರ್ಷ ಒಬ್ರೂ ಓದ್ಲಿಲ್ಲ ಅಲ್ವಾ? ಆಟೋದ್ದು, ಬನಿಯನ್ನಿಂದು, ಎಲ್ಲ... ಗೊತ್ತಿದ್ದದ್ದನ್ನೇ ಹೇಳಿದ್ರು’ ಅಂದರು. ನಾನು ಏನೋ ಸಮಾಧಾನ ಹೇಳಿದೆ. ಆ ಸಮಾಧಾನ ನನಗೇ ಹಿಡಿಸಲಿಲ್ಲ. ಸಣ್ಣ ಊರಿನ ಪ್ರೀತಿ ಹೀಗೂ ಒಂದು ಮೋಸ ಮಾಡುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಅಪ್ಪ ಮರುದಿನವೇ ತೀರ್ಪು ಕೊಟ್ಟರು. ಇನ್ನು ಮೇಲೆ ಸಾದಾ ಅಕ್ಷರ, ಎಲ್ಲರ ಹಾಗೆ. ಆಲೂರಿನ ಸಂತೆಯ ದಿನ ಬಾಯಮ್ಮ ತಾವೇ ನಮ್ಮ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೆ ಬೆಂಚಿನ ಮೇಲೆ ಕೂತಿದ್ದು, ‘ಯಜಮಾನ್ರೆ, ಇನ್ನೊಂದು ಸಲ ಬರೀತೇನೆ. ಇದೂ ಓದ್ಲಿಕ್ಕೆ ಆಗ್ಲಿಲ್ಲ ಅಂದ್ರೆ ಕನ್ನಡದ್ದು ನಾನು ಬಿಟ್ಟೇಬಿಡ್ತೇನೆ, ಮುಟ್ಟೋದಿಲ್ಲ’ ಅಂದರು. ಆ ಮಾತು ಹೇಳುವಾಗ ಅವರ ಕೈ ಕೊಡೆಯ ಹಿಡಿಯನ್ನು ತಿರುಗಿಸುತ್ತಲೇ ಇತ್ತು. ಅಪ್ಪ ವ್ಯಾಪಾರದಲ್ಲಿ ಕಲ್ಲು. ಅವತ್ತು ಸ್ವಲ್ಪ ಹೊತ್ತು ತಕ್ಕಡಿಯ ಬಟ್ಟಲನ್ನು ಸುಮ್ಮನೆ ಒರೆಸಿದರು. ‘ಬರೀರಿ. ಆದ್ರೆ ನಿಮ್ಮ ಬಸ್‌ಸ್ಟ್ಯಾಂಡಿನ ಜನಕ್ಕೆ ತೋರಿಸ್ಬ್ಯಾಡಿ’ ಅಂದರು.

ಆಮೇಲಿನ ತಿಂಗಳುಗಳಲ್ಲಿ ಅವರು ಬೇರೆಯೇ ಮನುಷ್ಯರಾದರು. ತಮಾಷೆ ನಿಂತಿತು. ಅಕ್ಷರದ ಮೇಲರ್ಧವನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದು ಕಣ್ಣು ಮುಚ್ಚಿ, ಕೆಳಗರ್ಧ ಮಾತ್ರ ನೋಡುತ್ತಾ ಗಂಟೆಗಟ್ಟಲೆ ಕೂರುವರು. ನಾನು ಹೋದರೆ ‘ಕೂತ್ಕೊಳ್ಳಿ’ ಎನ್ನುವುದನ್ನೂ ಮರೆತರು. ಒಂದು ದಿನ ತಾವಾಗಿಯೇ ಹೇಳಿದರು: ‘ನಾನು ಕನ್ನಡವನ್ನು ಬಡಿದು ಬಡಿದು ಗಾಥಿಕ್ ಮಾಡಿದ್ದೆ. ಹಾಗಲ್ಲ. ಹೊಟ್ಟೆ ಗುಂಡಗೇ ಇರ್ಲಿ, ಅದು ಅದರ ಹೊಟ್ಟೆ. ತಲೆಕಟ್ಟು, ಹೆಗಲು ಅಷ್ಟೇ ಮುರೀಬೇಕು.’ ಹೊಸದಾಗಿ ಬರೆದದ್ದರಲ್ಲಿ ಗತ್ತು ಕಡಿಮೆಯಾಗಿತ್ತು. ಅದು ಈಗ ಗದರುತ್ತಿರಲಿಲ್ಲ, ನಿಂತು ಮಾತಾಡಿಸುತ್ತಿತ್ತು. ನನಗೆ ಇಷ್ಟವಾಯಿತು. ಆದರೆ ನನ್ನ ಇಷ್ಟಕ್ಕೆ ಬೆಲೆ ಇಲ್ಲ, ಏನು ಬರೆದಿದೆ ಎಂದು ನನಗೂ ಮೊದಲೇ ಗೊತ್ತು.

ಓದುವವರು ಯಾರು? ಅದೇ ದೊಡ್ಡ ತಲೆನೋವಾಯಿತು. ಓದು ಬಂದವರೆಲ್ಲ ಅರ್ಧ ನೋಡುತ್ತಾರೆ, ಅರ್ಧ ಊಹಿಸುತ್ತಾರೆ. ದಾರಿ ತೋರಿಸಿದವರು ಅಪ್ಪ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಆಲೂರಿನ ಹತ್ತಿರದ ಪಾಳ್ಯದಲ್ಲಿದ್ದರು. ರಾಗಿ, ಭತ್ತದ ಮನೆ. ಮೊಮ್ಮಕ್ಕಳಾದ ಮೇಲೆ, ಊರಿನಲ್ಲಿ ದೊಡ್ಡವರಿಗೆಂದು ಸಂಜೆ ಅಕ್ಷರ ಕಲಿಸುವ ಶಾಲೆ ಶುರುವಾದಾಗ ಹಟ ಹಿಡಿದು ಹೋಗಿ ಓದು ಕಲಿತವರು. ‘ನಮ್ಮಕ್ಕ ಊಹೆ ಮಾಡಾಕಿಲ್ಲ. ಒಂದೊಂದೇ ಅಕ್ಷರಾನ ಹಿಡ್ದು ಕೇಳ್ತಾಳೆ. ಅಲ್ಲಿಗೆ ಹೋಗಿ’ ಅಂದರು.

ಒಂದು ಬೆಳಿಗ್ಗೆ ಬಾಯಮ್ಮನೂ ನಾನೂ ಪಾಳ್ಯದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಹಾಳೆಗಳನ್ನು ಸುತ್ತಿಟ್ಟ ಕೊಳವೆಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದರು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಅತ್ತೆಗೆ ಪರೀಕ್ಷೆ ಎಂದರೆ ಖುಷಿ. ಮೊರ ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ತರಿಸಿಕೊಂಡರು.

ಬಾಯಮ್ಮ ಪೊಟ್ಟಣದ ಹಾಳೆ ಬಿಚ್ಚಿದರು. ಅತ್ತೆ ಬೆರಳಿಟ್ಟು ನಮ್ಮ ಅಂಗಡಿಯ ಹೆಸರು ಓದಿದರು, ‘ಕಾಫಿ ಪುಡಿ’ ಓದಿದರು. ಎಲ್ಲೂ ತಡೆಯಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಬಾಯಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ಇದು ನಿಮ್ಮ ತಮ್ಮನ ಅಂಗಡಿ. ನಿಮ್ಗೆ ಗೊತ್ತುಂಟು’ ಅಂದರು.

‘ಗೊತ್ತಿದ್ರೇನು, ನಾನು ಓದೇ ಹೇಳಿದ್ದು’ ಎಂದು ಅತ್ತೆ ಮುನಿಸಿಕೊಂಡರು.

‘ಓದಿದ್ರಿ ಅಮ್ಮ, ಇಲ್ಲ ಅನ್ನೋದಿಲ್ಲ. ಇನ್ನೊಂದುಂಟು. ಇದು ಯಾರಿಗೂ ಗೊತ್ತಿಲ್ಲ’ ಎಂದು ಬಾಯಮ್ಮ ಕೊಳವೆಯ ಒಳಗಿನಿಂದ ಮತ್ತೊಂದು ಹಾಳೆ ತೆಗೆದರು. ಅದನ್ನು ನಾನೂ ನೋಡಿರಲಿಲ್ಲ. ಅದೇ ಅಕ್ಷರದಲ್ಲಿ ಒಂದೇ ಸಾಲು. ನಾನು ಇಣುಕಲು ಹೋದರೆ ‘ನೀವು ಆಚೆ ನಿಲ್ಲಿ’ ಅಂದರು. ನಾನು ಅಂಗಳಕ್ಕಿಳಿದು ನಿಂತೆ.

ಅತ್ತೆ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟರು. ಹೇಳಿದರು. ಎರಡನೆಯದು ಹೇಳಿದರು. ಮುಂದಿನದಕ್ಕೆ ಒತ್ತು ಇತ್ತೆಂದು ಕಾಣುತ್ತದೆ, ಅಲ್ಲಿ ಬೆರಳು ನಿಂತಿತು. ಅತ್ತೆಯ ತುಟಿ ಸದ್ದಿಲ್ಲದೆ ಆಡಿತು. ಬಾಯಮ್ಮ ಹಾಳೆಯ ಇನ್ನೊಂದು ತುದಿ ಹಿಡಿದಿದ್ದರು. ಹೇಳಿಕೊಡಲು ಬಾಯಿ ತೆರೆದವರು ತೆರೆದ ಹಾಗೇ ಮುಚ್ಚಿಕೊಂಡರು. ಅತ್ತೆ ಬೆರಳನ್ನು ಒತ್ತಿನ ಕೆಳಗೆ ಇಳಿಸಿ, ಮತ್ತೆ ಮೇಲಕ್ಕೆ ತಂದು, ಆ ಅಕ್ಷರವನ್ನೂ ಬಿಡಿಸಿದರು. ಆಮೇಲೆ ತಡೆಯಲಿಲ್ಲ. ಸಾಲಿನ ಕೊನೆಗೆ ಬಂದು, ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಕೂಡಿಸಿ, ಗಟ್ಟಿಯಾಗಿ ಒಂದೇ ಉಸಿರಿಗೆ ಓದಿದರು. ಅದು ಒಂದು ಹೆಂಗಸಿನ ಹೆಸರು. ಇಷ್ಟು ವರ್ಷದ ಒಡನಾಟದಲ್ಲಿ ನಾನು ಕೇಳಿರದ ಹೆಸರು.

‘ಚೆಂದಾಗೈತೆ. ಯಾರವ್ವ ಇವಳು?’ ಅಂದರು ಅತ್ತೆ.

‘ನಾನೇ, ಅಮ್ಮ’ ಅಂದರು ಬಾಯಮ್ಮ. ‘ನನ್ನ ತಾಯಿ ಹೋದ ಮೇಲೆ ಆ ಹೆಸರನ್ನು ಯಾರೂ ಹೇಳಿದ್ದಿಲ್ಲ.’

ಅತ್ತೆ ಕನ್ನಡಕ ತೆಗೆದು ಅವರ ಮುಖ ನೋಡಿದರು. ಗೋಡೆ ಹಿಡಿದು ಎದ್ದು ನಿಂತು, ಈ ಸಲ ಹಾಳೆ ನೋಡದೆ, ಆ ಹೆಸರು ಹಿಡಿದೇ ಕರೆದು, ‘ಒಳೀಕೆ ಬಾರವ್ವ, ಕಾಫಿ ಕುಡೀವಂತೆ’ ಅಂದರು.